ಏರುದಾರಿಯ ಲೆಕ್ಕ

ಮನುಷ್ಯನು ಕೇವಲ ತನ್ನ ಮೈಬಲದಿಂದ ನಡೆಸುವ ವಾಹನಗಳಲ್ಲಿ ಸೈಕಲ್ಲಿನಷ್ಟು ಮಿತವ್ಯಯದ್ದು ಬೇರೊಂದಿಲ್ಲ. ಸಮತಟ್ಟಾದ ನೆಲದ ಮೇಲೆ, ನಡೆಯುವವನು ಪಡುವಷ್ಟೇ ಶ್ರಮದಿಂದ ಸೈಕಲ್ ಸವಾರನು ಸುಮಾರು ಮೂರು ಪಟ್ಟು ದೂರವನ್ನು ಕ್ರಮಿಸಬಲ್ಲನು. ಆದರೆ ದಾರಿ ತುಸು ತಲೆಯೆತ್ತಿತೆಂದರೆ ಸಾಕು, ಈ ಹೆಚ್ಚುಗಾರಿಕೆಯೆಲ್ಲ ಕರಗಿಹೋಗುತ್ತದೆ. ಎದೆ ಬಡಿದುಕೊಳ್ಳುತ್ತದೆ, ತೊಡೆ ಉರಿಯುತ್ತದೆ. ಗುಡ್ಡವು ನಮ್ಮಿಂದ ನಿಜವಾಗಿ ಕೇಳುವುದಾದರೂ ಎಷ್ಟು? ಜೊತೆಗಾರರಿದ್ದರೆ ಆ ಭಾರ ಹಗುರವಾಗುವುದೆ? ಸಹಾಯಾರ್ಥವಾಗಿ ನಡೆಯುವ ಸೈಕಲ್ ಯಾತ್ರೆಗಳಲ್ಲಿ ಈ ಪ್ರಶ್ನೆಗಳಿಗೆ ವಿಶೇಷವಾದ ಮಹತ್ವವಿದೆ.

ಇಂಥ ಯಾತ್ರೆಗಳ ಪದ್ಧತಿ ಸರಳವಾದುದು. ಸವಾರರು ಒಂದು ಸತ್ಕಾರ್ಯವನ್ನು ಗೊತ್ತುಮಾಡಿಕೊಂಡು ಹೊರಡುತ್ತಾರೆ. ಬಂಧುಮಿತ್ರರು ಆ ಕಾರ್ಯಕ್ಕೆ ಹಣ ಕೊಡುವುದಾಗಿ ಒಪ್ಪಿಕೊಂಡಿರುತ್ತಾರೆ. ಅಮೆರಿಕದಲ್ಲಿ 1980ರಲ್ಲಿ ಬಿಲ್ಲಿ ಸ್ಟಾರ್ ಎಂಬುವರು 36 ಮಂದಿ ಸವಾರರ ಯಾತ್ರೆಯೊಂದನ್ನು ಮ್ಯಾಸಚೂಸೆಟ್ಸ್ ಪ್ರಾಂತದ ಉದ್ದಕ್ಕೂ ನಡೆಸಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದರು. ಅದು ಇಂದಿಗೂ ವರ್ಷವರ್ಷವೂ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ 1976ರಲ್ಲಿ ಮೊದಲಾದ ಲಂಡನ್-ಬ್ರೈಟನ್ ಯಾತ್ರೆಯಲ್ಲಿ, ದಾರಿ ಮುಗಿಯುತ್ತ ಬಂದಾಗ, ದಣಿದ ಸವಾರರಿಗೆ 248 ಮೀಟರ್ ಎತ್ತರದ ಡಿಚ್ಲಿಂಗ್ ಬೀಕನ್ ಗುಡ್ಡ ಎದುರಾಗುತ್ತದೆ. ಅಲ್ಲಿ ಎಷ್ಟೋ ಜನ ಸೈಕಲ್ಲಿನಿಂದ ಇಳಿದು ನಡೆಯುತ್ತಾರೆ.

ನಾವು ಹದಿನಾಲ್ಕು ಮಂದಿ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದವರೆಗೆ ಹೊರಟಾಗ ನಮ್ಮೆದುರಿಗಿದ್ದ ಉದ್ದೇಶ ಇನ್ನೂ ಚಿಕ್ಕದು. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ ಹಂಚುವ ಸರಕಾರಿ ಯೋಜನೆ ಆರಂಭವಾಯಿತು. ಸೈಕಲ್ಲು ಬಂದರೆ ಸಾಲದು. ಟೈರು ಸವೆಯುತ್ತದೆ, ಬ್ರೇಕಿನ ರಬ್ಬರು ತೇಯುತ್ತದೆ, ಚೈನು ಜೋಲುತ್ತದೆ. ಹಳ್ಳಿಯ ಕೆಲವು ಮಕ್ಕಳ ಸೈಕಲ್ಲುಗಳನ್ನು ದುರಸ್ತಿ ಮಾಡಿಸುವುದಕ್ಕೆ ನಮಗೆ ಹಣ ಬೇಕಾಗಿತ್ತು. ಪ್ರತಿಯೊಬ್ಬ ಸವಾರನು ಕ್ರಮಿಸಿದ ಪ್ರತಿಯೊಂದು ಕಿಲೋಮೀಟರಿಗೆ ಇಂತಿಷ್ಟು ಎಂದು ದಾನಿಗಳು ಮಾತು ಕೊಟ್ಟಿದ್ದರು. ಎಂದರೆ, ನಡುದಾರಿಯಲ್ಲಿ ಒಬ್ಬನು ಕೈಬಿಟ್ಟರೂ ಆ ಮಟ್ಟಿಗೆ ನಿಧಿಗೆ ನಷ್ಟ. ಮೊದಲು ಮುಟ್ಟುವವನ ವೇಗಕ್ಕಿಂತ ಕೊನೆಯವನು ಮುಟ್ಟುವುದೇ ನಮಗೆ ಮುಖ್ಯವಾಗಿತ್ತು.

ದಾರಿ ಎಷ್ಟು ಏರುತ್ತದೆ?

ಹುಬ್ಬಳ್ಳಿಯು ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ. ಧಾರವಾಡ ಸುಮಾರು 750 ಮೀಟರ್. ಎರಡು ಊರುಗಳ ನಡುವಣ ಅಂತರ ಸುಮಾರು 20 ಕಿಲೋಮೀಟರ್. ಸಾವಿರ ಮೀಟರಿಗೆ ನಾಲ್ಕು ಮೀಟರಿನ ಏರು; ಕಣ್ಣಿಗೆ ಕಾಣುವಂಥದಲ್ಲ. ಆದರೆ ಇದು ಬರಿಯ ಸರಾಸರಿ. ಈ ಅವಳಿ ನಗರದ ನೆಲವು ಎರಡು ಸಮುದ್ರಗಳಿಗೆ ನೀರು ಹಂಚುವ ಏಣಿನ ಮೇಲಿದೆ. ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹುಬ್ಬಳ್ಳಿಯ ಪೂರ್ವಕ್ಕೆ ಹರಿಯುವ ಬೆಣ್ಣಿಹಳ್ಳದ ನೀರು ಮಲಪ್ರಭೆಗೂ ಕೃಷ್ಣೆಗೂ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಳ್ಳಕೊಳ್ಳಗಳು ಕೊರೆದ ಇಂಥ ನೆಲದ ಮೇಲಿನ ದಾರಿ ಒಂದೇ ಸಮನೆ ಏರುವುದಿಲ್ಲ. ಏರಿ, ಇಳಿದು, ಮತ್ತೆ ಏರುತ್ತದೆ. ಇಳಿದುದನ್ನೆಲ್ಲ ಮರಳಿ ಏರಬೇಕಾದುದರಿಂದ ಸವಾರನು ಹತ್ತುವ ಒಟ್ಟು ಎತ್ತರವು 80 ಮೀಟರಿಗಿಂತ ಹೆಚ್ಚೇ ಆಗುತ್ತದೆ.

ಮೊದಲು ಆ 80 ಮೀಟರಿನ ಲೆಕ್ಕವನ್ನೇ ಮಾಡೋಣ. ಸವಾರನ ತೂಕ 65 ಕಿಲೋಗ್ರಾಂ, ಸೈಕಲ್ಲಿನದು 15 ಎಂದಿಟ್ಟುಕೊಳ್ಳಿ. 80 ಕಿಲೋಗ್ರಾಂ ಭಾರವನ್ನು 80 ಮೀಟರ್ ಮೇಲೆತ್ತಲು ಬೇಕಾಗುವ ಕೆಲಸ 80 × 9.8 × 80, ಎಂದರೆ 62,720 ಜೂಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವನ್ನಾಗಿ ಮಾರ್ಪಡಿಸುತ್ತವೆ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಆದಕಾರಣ ನಾಲ್ಕು ಪಟ್ಟು ಶಕ್ತಿ, ಸುಮಾರು 2,50,000 ಜೂಲ್ ಅಥವಾ 60 ಕಿಲೋಕ್ಯಾಲೊರಿ ಬೇಕು. ಐವತ್ತು ಗ್ರಾಂ ಹಿಟ್ಟಿನಿಂದ ಬಡಿದ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕಿಲೋಕ್ಯಾಲೊರಿಗಳಿರುತ್ತವೆ. ಹುಬ್ಬಳ್ಳಿಗಿಂತ ಧಾರವಾಡ ಎಷ್ಟು ಎತ್ತರವಾಗಿದೆಯೋ ಅಷ್ಟನ್ನು ಏರಲು ರೊಟ್ಟಿಯ ಮೂರನೆಯ ಒಂದು ಪಾಲು ಸಾಕೆಂದಾಯಿತು!

ಹಾಗಾದರೆ ಏದುಸಿರೇಕೆ?

ಇಲ್ಲಿಯೇ ಇದೆ ಗುಟ್ಟು. ನಮ್ಮನ್ನು ದಣಿಸುವುದು ಒಟ್ಟು ಕೆಲಸಕ್ಕಿಂತ ಹೆಚ್ಚಾಗಿ ಅದನ್ನು ಮಾಡುವ ದರ. ಇದನ್ನೇ ಭೌತಶಾಸ್ತ್ರದಲ್ಲಿ ಸಾಮರ್ಥ್ಯವೆನ್ನುತ್ತಾರೆ. ಸೆಕೆಂಡಿಗೆ ಒಂದು ಜೂಲ್ ಕೆಲಸವಾದರೆ ಅದು ಒಂದು ವಾಟ್. ವಿಶೇಷ ಅಭ್ಯಾಸವಿಲ್ಲದ ಆರೋಗ್ಯವಂತ ತರುಣನು ಒಂದು ಗಂಟೆಯ ಕಾಲ ಎಡೆಬಿಡದೆ ಸುಮಾರು 100 ವಾಟ್ ಕೊಡಬಲ್ಲನು. ಒಂದೆರಡು ನಿಮಿಷಗಳ ಮಟ್ಟಿಗೆ ಇದರ ಎರಡು ಮೂರು ಪಟ್ಟು ಸಾಧ್ಯ; ಆದರೆ ಆ ಸಾಲವನ್ನು ಏದುಸಿರಿನ ರೂಪದಲ್ಲಿ ತೀರಿಸಲೇಬೇಕು.

ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯೊಂದನ್ನು ಕಲ್ಪಿಸಿಕೊಳ್ಳಿ. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಅದನ್ನು ಹತ್ತುವ ನಮ್ಮ ಸವಾರನು ಭಾರವನ್ನೆತ್ತುವುದಕ್ಕೇ ಸುಮಾರು 157 ವಾಟ್ ಕೊಡಬೇಕು. ವೇಗವನ್ನು 8 ಕಿಲೋಮೀಟರಿಗೆ ಇಳಿಸಿದರೆ ಸುಮಾರು 105 ವಾಟ್. ಸೈಕಲ್ಲಿನಿಂದಿಳಿದು, ಅದನ್ನು ತಳ್ಳುತ್ತ ಗಂಟೆಗೆ 4 ಕಿಲೋಮೀಟರ್ ನಡೆದರೆ ಸುಮಾರು 52 ವಾಟ್. ಎತ್ತರ ಅದೇ, ಭಾರವೂ ಅದೇ. ಗುಡ್ಡವು ಕೇಳುವ ಸುಂಕ ಬದಲಾಗಲಿಲ್ಲ, ಕಂತುಗಳು ಮಾತ್ರ ಚಿಕ್ಕವಾದವು. ಏರಿನಲ್ಲಿ ಇಳಿದು ನಡೆಯುವವನನ್ನು ನೋಡಿ ನಗುವವರು ಈ ಅಂಕಿಗಳನ್ನು ಗಮನಿಸಬೇಕು.

ಆದರೆ ನಿಧಾನವಾಗಿ ಹೋಗಬೇಕೆಂದರೆ ಸೈಕಲ್ಲೂ ಅದಕ್ಕೆ ಒಪ್ಪಬೇಕಲ್ಲವೆ? ಗಿಯರುಗಳ ಪ್ರಯೋಜನವಿರುವುದು ಇಲ್ಲಿ. ನಮ್ಮ ಊರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಾದಾ ಸೈಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ ಸಾಮಾನ್ಯವಾಗಿ 44 ಹಲ್ಲುಗಳೂ ಹಿಂದಿನದರಲ್ಲಿ 18 ಹಲ್ಲುಗಳೂ ಇರುತ್ತವೆ. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಮೇಲೆ ಹೇಳಿದ ಏರಿನಲ್ಲಿ, 8 ಕಿಲೋಮೀಟರ್ ವೇಗದಲ್ಲಿ, ಇದರ ಸವಾರನು ನಿಮಿಷಕ್ಕೆ 25 ಸುತ್ತು ಮಾತ್ರ ತುಳಿಯುತ್ತಾನೆ. ಆದರೆ ಪ್ರತಿಯೊಂದು ತುಳಿತಕ್ಕೂ ಸರಾಸರಿ 28 ಕಿಲೋಗ್ರಾಂ ಭಾರದಷ್ಟು ಒತ್ತಬೇಕು. ಗಿಯರುಳ್ಳ ಸೈಕಲ್ಲಿನಲ್ಲಿ ಮುಂದೆಯೂ ಹಿಂದೆಯೂ 28 ಹಲ್ಲುಗಳಿದ್ದರೆ, ಸವಾರನು ನಿಮಿಷಕ್ಕೆ 60 ಸುತ್ತು ತುಳಿದು, 11 ಕಿಲೋಗ್ರಾಂ ಭಾರದಷ್ಟು ಒತ್ತಿದರೆ ಸಾಕು. ಕೆಲಸದಲ್ಲಿ ಉಳಿತಾಯವೇನೂ ಇಲ್ಲ. ದೊಡ್ಡ ಮೂಟೆಯನ್ನು ಒಂದೇ ಸಲಕ್ಕೆ ಹೊರುವ ಬದಲು ಚಿಕ್ಕ ಗಂಟುಗಳಾಗಿ ಮಾಡಿ ಹಲವು ಸಲ ಸಾಗಿಸಿದ ಹಾಗೆ.

ಜೊತೆಗಾರರ ನೆರವು

ಉಣಕಲ್ಲಿನಿಂದ ಭೈರಿದೇವರಕೊಪ್ಪ, ನವನಗರ, ರಾಯಾಪುರಗಳವರೆಗೆ ನಾವು ಒಬ್ಬರ ಹಿಂದೊಬ್ಬರು ಸಾಲಾಗಿ ಸಾಗಿದೆವು. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ವಾಯವ್ಯಕ್ಕೆ ಹೊರಟ ನಮಗೆ ಅದು ಓರೆಯಾಗಿ ಎದುರಾಗುತ್ತಿತ್ತು. ಪ್ರತ್ಯೇಕವಾದ ತಮ್ಮ ಪಥದಲ್ಲಿ ಚಿಗರಿ ಬಸ್ಸುಗಳು ನಮ್ಮನ್ನು ಹಿಂದಿಕ್ಕಿ ಹೋಗುತ್ತಿದ್ದವು.

ಸಮದಾರಿಯಲ್ಲಿ ವೇಗವಾಗಿ ಹೋಗುವ ಸವಾರನ ದೊಡ್ಡ ವೈರಿಯೆಂದರೆ ಗಾಳಿಯೇ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅದನ್ನೆದುರಿಸುವ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚಬೇಕಾಗುತ್ತದೆ. ವೇಗ ಇಮ್ಮಡಿಯಾದರೆ ಎಂಟು ಪಟ್ಟು! ಗಾಳಿ ಬೀಸದ ದಿನದಲ್ಲಿಯೂ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಇದಕ್ಕೆಂದೇ ಸುಮಾರು 100 ವಾಟ್ ಬೇಕು. ಮುಂದಿನವನ ಬೆನ್ನಿಗೆ ಹತ್ತಿರವಾಗಿ ಹೋಗುವವನಿಗೆ ಈ ತಡೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ. ಆದುದರಿಂದ ಬಲವಾದವರು ಸರದಿಯಂತೆ ಮುಂದಾಗಿ, ಗಾಳಿಯನ್ನು ಸೀಳುತ್ತ, ಹಿಂದಿನವರ ಶ್ರಮವನ್ನು ಉಳಿಸಬಹುದು.

ಆದರೆ ಏರಿನಲ್ಲಿ ಈ ಉಪಾಯ ನಡೆಯದು. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆಗೆ ತಗಲುವುದು ಮೂರು ನಾಲ್ಕು ವಾಟ್ ಅಷ್ಟೆ. ಅದರಲ್ಲಿ ಮೂರನೆಯ ಒಂದು ಪಾಲು ಉಳಿದರೇನು, ಬಿಟ್ಟರೇನು? ಗುರುತ್ವಾಕರ್ಷಣೆಗೆ ಮರೆಯಾಗಿ ನಿಲ್ಲಲು ಯಾರ ಬೆನ್ನೂ ಒದಗುವುದಿಲ್ಲ. ಪ್ರತಿಯೊಬ್ಬನೂ ತನ್ನ ಭಾರವನ್ನು ತಾನೇ ಎತ್ತಿಕೊಳ್ಳಬೇಕು.

ಸತ್ತೂರು, ನವಲೂರುಗಳನ್ನು ದಾಟಿ, ಧಾರವಾಡವನ್ನು ಹೊಕ್ಕು, ವಿಶ್ವವಿದ್ಯಾಲಯದ ಏರಿಗೆ ಬಂದಾಗ ಇದು ನಮಗೆ ಪ್ರತ್ಯಕ್ಷವಾಯಿತು. ಹಿಂದೆ ಛೋಟಾ ಮಹಾಬಳೇಶ್ವರವೆಂದು ಕರೆಯುತ್ತಿದ್ದ ಗುಡ್ಡವಿದು. ಕೇಂಬ್ರಿಜಿನಲ್ಲಿ ಗಣಿತದ ರ‍್ಯಾಂಗ್ಲರ್ ಪದವಿ ಪಡೆದ ಕುಲಪತಿ ಡಿ. ಸಿ. ಪಾವಟೆಯವರ ಹೆಸರಿನಿಂದ ಈಗ ಪಾವಟೆನಗರವಾಗಿದೆ. ನಮ್ಮಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ಗಿಯರಿಲ್ಲದ ಸೈಕಲ್ಲಿನಲ್ಲಿ ಬಂದಿದ್ದನು. ಅಲ್ಲಿಯವರೆಗೂ ಸಾಲಿನ ನಡುವೆ ಸುಖವಾಗಿದ್ದವನು ಏರು ಮೊದಲಾದೊಡನೆ ಹಿಂದುಳಿದನು. "ನೀವು ಮುಂದ ನಡೀರಿ ಸರ, ನಾ ಹಿಂದಿಂದ ಬರ್ತೀನಿ" ಎಂದನು. ಅವನ ಮುಖ ಕೆಂಪಗಾಗಿತ್ತು, ಅಂಗಿ ತೊಯ್ದು ಮೈಗೆ ಅಂಟಿತ್ತು.

ನಾವು ಮುಂದೆ ಹೋಗಲಿಲ್ಲ. ಕಾರಣ ಸೌಜನ್ಯವೊಂದೇ ಅಲ್ಲ. ನೂರು ವಾಟ್ ಕೆಲಸ ಮಾಡುವ ದೇಹವು ಅದರೊಡನೆ ಸುಮಾರು 300 ವಾಟ್ ಶಾಖವನ್ನು ಹುಟ್ಟಿಸುತ್ತದೆ. ಅದಷ್ಟನ್ನೂ ಬೆವರೇ ಹೊರಹಾಕಬೇಕಾದರೆ ಗಂಟೆಗೆ ಅರ್ಧ ಲೀಟರಿನಷ್ಟು ಬೆವರು ಆವಿಯಾಗಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಂಪುಮಾಡುವುದಿಲ್ಲ, ಆವಿಯಾದುದಷ್ಟೇ ತಂಪುಮಾಡುತ್ತದೆ. ಸಮದಾರಿಯಲ್ಲಿ ಸೈಕಲ್ಲಿನ ವೇಗವೇ ಗಾಳಿ ಬೀಸಿ ಬೆವರನ್ನು ಒಣಗಿಸುತ್ತಿರುತ್ತದೆ. ಏರಿನಲ್ಲಿ ಶಾಖ ಹೆಚ್ಚು, ಗಾಳಿ ಕಡಿಮೆ. ಮಳೆಗಾಲದ ತೇವವೂ ಸೇರಿದರೆ ಬೆವರು ಆರುವುದೇ ಇಲ್ಲ. ತಲೆಸುತ್ತು, ವಾಂತಿ ಬರುವ ಹಾಗಾಗುವುದು, ಮಾತು ತೊದಲುವುದು ಇವು ಅಪಾಯದ ಸೂಚನೆಗಳು. ಇಂಥ ಹೊತ್ತಿನಲ್ಲಿ ಸವಾರನನ್ನು ಒಬ್ಬನೇ ಬಿಟ್ಟುಹೋಗಬಾರದು. ನೆರಳಿನಲ್ಲಿ ಕೂರಿಸಿ, ಮೈಗೆ ನೀರು ಚಿಮುಕಿಸಿ, ಗಾಳಿ ಹಾಕಬೇಕು. ಮಾತು ತೊದಲಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ನಮ್ಮ ಗೆಳೆಯನಿಗೆ ಅಷ್ಟೊಂದು ಆಗಿರಲಿಲ್ಲ. ಮರದ ನೆರಳಿನಲ್ಲಿ ಹತ್ತು ನಿಮಿಷ ಕುಳಿತು, ಉಪ್ಪು ಹಾಕಿದ ಮಜ್ಜಿಗೆ ಕುಡಿದು ಚೇತರಿಸಿಕೊಂಡನು. ಆಮೇಲೆ ಅವನನ್ನೇ ಮುಂದೆ ಬಿಟ್ಟೆವು. ಕಡಿದಾದ ಕಡೆ ಅವನು ಇಳಿದು ನಡೆದನು. ನಾವೂ ಇಳಿದು ನಡೆದೆವು. ಕಿಲೋಮೀಟರುಗಳನ್ನು ಗಾಲಿಯ ಮೇಲೆ ಮುಗಿಸಬೇಕೋ ಕಾಲಿನ ಮೇಲೋ ಎಂದು ದಾನಿಗಳು ಹೇಳಿರಲಿಲ್ಲವಷ್ಟೆ. ಹದಿನಾಲ್ಕು ಮಂದಿಯೂ ಗುಡ್ಡದ ಮೇಲಾದೆವು.

ಇಳಿಜಾರಿನ ಎಚ್ಚರ

ಏರಿನಲ್ಲಿ ಕಳೆದುಕೊಂಡದ್ದು ಇಳಿಜಾರಿನಲ್ಲಿ ಮರಳಿ ಸಿಗುತ್ತದೆಂದು ಹಲವರ ನಂಬಿಕೆ. ಒಂದು ಕಿಲೋಮೀಟರನ್ನು ಗಂಟೆಗೆ 8ರ ವೇಗದಲ್ಲಿ ಏರಿ, ಅದನ್ನೇ 24ರ ವೇಗದಲ್ಲಿ ಇಳಿದರೆ ಸರಾಸರಿ ವೇಗವೆಷ್ಟು? ಹದಿನಾರಲ್ಲ, ಹನ್ನೆರಡು. ಏರಲು ಏಳೂವರೆ ನಿಮಿಷ, ಇಳಿಯಲು ಎರಡೂವರೆ. ಎರಡು ಕಿಲೋಮೀಟರಿಗೆ ಹತ್ತು ನಿಮಿಷ. ಕಳೆದ ಹೊತ್ತು ಮರಳುವುದಿಲ್ಲ. ಅದನ್ನು ಮರಳಿಸಲೆಂದು ಆತುರಪಡುವುದು ಅಪಾಯಕರ. ಏಕೆಂದರೆ ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ.

ಬ್ರೇಕು ವೇಗವನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ. ನಮ್ಮ 80 ಕಿಲೋಗ್ರಾಂ ಭಾರವನ್ನು 50 ಮೀಟರ್ ಎತ್ತರದಿಂದ ಕೇವಲ ಬ್ರೇಕಿನ ಬಲದಿಂದ ಇಳಿಸಿದರೆ ಹುಟ್ಟುವ ಶಾಖವು 39,200 ಜೂಲ್. 125 ಮಿಲಿಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಬಿಸಿಗೆ ತರಲು ಅಷ್ಟು ಸಾಕು. ಅಷ್ಟೂ ಶಾಖವು ಆ ಸಣ್ಣ ರಬ್ಬರ್ ತುಂಡುಗಳ ಬಳಿ, ಗಾಲಿಯ ಅಂಚಿನ ಮೇಲೆ ಹುಟ್ಟುತ್ತದೆ. ತೇದುಹೋದ ರಬ್ಬರಿನಿಂದ ಈ ಕೆಲಸವಾಗದು. ನಮ್ಮ ನಿಧಿಯಿಂದ ಮಕ್ಕಳ ಸೈಕಲ್ಲುಗಳಿಗೆ ಮೊಟ್ಟಮೊದಲು ಹೊಸ ಬ್ರೇಕುಗಳನ್ನೇ ಹಾಕಿಸಿದುದಕ್ಕೆ ಕಾರಣ ಇದೇ. ಗಿಯರಿಲ್ಲದ ಆ ಸೈಕಲ್ಲುಗಳ ಮೇಲೆ ಅವರು ದಿನಕ್ಕೆರಡು ಸಲ ಇಂಥ ಏರಿಳಿತಗಳನ್ನು ದಾಟಬೇಕು. ನಮ್ಮ ಹಾಗೆ ಎಂದೋ ಒಂದು ಭಾನುವಾರವಲ್ಲ.

ಇಂಥ ಯಾತ್ರೆಗೆ ಹೊರಡಬೇಕೆನ್ನುವ ವಿದ್ಯಾರ್ಥಿಗಳು ತಮ್ಮ ಸಾಮರ್ಥ್ಯವನ್ನು ಮೊದಲೇ ಅಳೆದುಕೊಳ್ಳಬಹುದು. ಎತ್ತರ ತಿಳಿದಿರುವ ಗುಡ್ಡವೊಂದನ್ನು ಒಂದೇ ನಡಿಗೆಯಲ್ಲಿ, ಓಡದೆ, ನಿಲ್ಲದೆ ಹತ್ತಿ. ತಗಲಿದ ಕಾಲವನ್ನು ಸೆಕೆಂಡುಗಳಲ್ಲಿ ಗುರುತಿಸಿಕೊಳ್ಳಿ. ನಿಮ್ಮ ತೂಕವನ್ನು 9.8ರಿಂದಲೂ ಎತ್ತರದಿಂದಲೂ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿದರೆ ದೇಹವನ್ನು ಮೇಲೆತ್ತಲು ನೀವು ಕೊಟ್ಟ ವಾಟುಗಳು ದೊರೆಯುತ್ತವೆ. ಮನೆಯ ಮೆಟ್ಟಿಲುಗಳನ್ನು ಓಡಿ ಹತ್ತಿದರೆ ಬಹಳ ದೊಡ್ಡ ಅಂಕಿ ಬರುತ್ತದೆ. ಅದನ್ನು ನಂಬಬೇಡಿ, ಅದು ಅರೆಗಳಿಗೆಯ ಬಲ. ತಂಡದ ಎಲ್ಲರ ಅಂಕಿಗಳನ್ನೂ ಒಂದು ಕಾಗದದಲ್ಲಿ ಬರೆದು, ಅವರವರ ತೂಕದಿಂದ ಭಾಗಿಸಿ ನೋಡಿ. ಕಿಲೋಗ್ರಾಂ ಒಂದಕ್ಕೆ ಅತಿ ಕಡಿಮೆ ವಾಟ್ ಯಾರದೆಂದು ತಿಳಿದುಬರುತ್ತದೆ. ಬಯಲಿನಲ್ಲಿ ಅವರನ್ನು ಸಾಲಿನ ನಡುವೆ ಇರಿಸಿ. ಏರು ಬಂದಾಗ ಎಲ್ಲರಿಗಿಂತ ಮುಂದೆ ಬಿಟ್ಟು, ಉಳಿದವರು ಅವರ ವೇಗಕ್ಕೆ ಹೊಂದಿಕೊಂಡು ಹಿಂದೆ ಬನ್ನಿ.