ಮಂದ್ರಸ್ವರವೂ ತಾರಸ್ವರವೂ ಒಡನೆ ಕೇಳುವ ಬಗೆ

ಹಿರಿಯೂರಿನಲ್ಲಿ ವೇದಾವತಿಯ ಆಚೆಯ ದಡದಲ್ಲಿ ಬಟ್ಟೆ ಒಗೆಯುವವರನ್ನು ಈಚೆಯ ದಡದಿಂದ ನೋಡಿರುವಿರಷ್ಟೆ. ಬಟ್ಟೆಯು ಕಲ್ಲಿಗೆ ಬಿದ್ದುದು ಮೊದಲು ಕಾಣುವುದು. ಸದ್ದು ತುಸು ತಡೆದು ಕೇಳುವುದು. ಶಬ್ದವು ನಮ್ಮ ಸೀಮೆಯ ಹವೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರು ನಡೆಯುತ್ತದೆ. ಎಂದರೆ, ಒಂದು ಮೀಟರು ನಡೆಯಲು ಅದಕ್ಕೆ ಸೆಕೆಂಡಿನ ಸಾವಿರದಲ್ಲಿ 3 ಪಾಲು, ಅಂದರೆ 3 ಮಿಲಿಸೆಕೆಂಡು, ಬೇಕು.

ಇಷ್ಟು ಅಲ್ಪ ಕಾಲದಿಂದ ಆಗುವುದೇನೆಂದು ತಾತ್ಸಾರ ಮಾಡಲಾಗದು. ಚಿತ್ರದುರ್ಗದಲ್ಲಾಗಲಿ, ಹೊಸದುರ್ಗ, ಹೊಳಲ್ಕೆರೆಗಳಲ್ಲಾಗಲಿ, ಶಾಲೆಯ ಉತ್ಸವಕ್ಕೆ ಸ್ಪೀಕರುಗಳನ್ನು ಇಡುವಾಗ, ಸ್ಯಾಟಲೈಟ್ ಎಂಬ ಚಿಕ್ಕ ಪೆಟ್ಟಿಗೆಗಳು ವೇದಿಕೆಯ ಮುಂದೆಯೂ, ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆಯು 2 ಮೀಟರು ಹಿಂದೆ ಗೋಡೆಯ ಬಳಿಯೂ ಇದ್ದವೆನ್ನೋಣ. ಇವೆರಡೂ ಕೂಡಿ ನುಡಿಯುವ ಸ್ವರಗಳಲ್ಲಿ 86 ಹರ್ಟ್ಸ್‌ನದು ಒಂದು. ಅದರ ಅಲೆಯ ಉದ್ದ ಸುಮಾರು 4 ಮೀಟರು; 2 ಮೀಟರೆಂದರೆ ಅರ್ಧ ಅಲೆ. ಆದಕಾರಣ ಒಂದು ಅಲೆ ಏರುವಾಗ ಇನ್ನೊಂದು ಇಳಿಯುತ್ತದೆ. ಎರಡೂ ಒಂದನ್ನೊಂದು ಅಳಿಸುತ್ತವೆ. ಮೃದಂಗದ ಪೆಟ್ಟು ಸೊರಗುತ್ತದೆ. ಕುಣಿಯುವ ಬಾಲಕಿಯರ ಹೆಜ್ಜೆಗೆ ತಾಳದ ಆಧಾರ ತಪ್ಪುತ್ತದೆ. ಆಗ ಇನ್ನೂ ದೊಡ್ಡ ಪೆಟ್ಟಿಗೆಯನ್ನು ಕೊಳ್ಳುವುದು ಹಣವನ್ನು ವೃಥಾ ಕಳೆದಂತೆಯೇ ಸರಿ.

ಈ ದೋಷ ಹೊಸತಲ್ಲ. 1930ರ ದಶಕದಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಚಿತ್ರಸಂಸ್ಥೆಯಲ್ಲಿ ಎಲೀನರ್ ಪೊವೆಲ್ ಎಂಬ ನರ್ತಕಿಯ ಹೆಜ್ಜೆಯ ಸದ್ದು ಒಂದು ಎರಡಾಗಿ ಕೇಳಿಬಂದಿತು. ಜಾನ್ ಹಿಲಿಯರ್ಡ್ ಮೊದಲಾದವರು ಪರೀಕ್ಷಿಸಲಾಗಿ, ಮಂದ್ರಸ್ವರದ ಕಹಳೆಯ ದಾರಿ ತಾರಸ್ವರದ್ದಕ್ಕಿಂತ ಉದ್ದವಾಗಿದ್ದುದು ತಿಳಿಯಿತು. ಅಂತರವನ್ನು ಕಡಮೆಮಾಡಲು ದೋಷವು ನೀಗಿತು.

ಇಂದು ಪೆಟ್ಟಿಗೆಯನ್ನು ಸರಿಸದೆಯೂ ಇದನ್ನು ಸಾಧಿಸಬಹುದು. ಹಿಂದುಳಿದುದನ್ನು ಮುಂದೂಡಲಾಗದು, ಮುಂದಿರುವುದನ್ನು ತಡೆಯಬಹುದು. ಸಭೆಯ ನಡುವಿನ ಆಸನದಿಂದ ಎರಡೂ ಪೆಟ್ಟಿಗೆಗಳಿಗೆ ಇರುವ ದೂರವನ್ನು ಅಳೆಯಿರಿ. ವ್ಯತ್ಯಾಸ 2 ಮೀಟರಾದರೆ, ಹತ್ತಿರದ ಪೆಟ್ಟಿಗೆಗಳ ಸ್ವರವನ್ನು ಯಂತ್ರದಲ್ಲಿ 6 ಮಿಲಿಸೆಕೆಂಡು ತಡೆಯಿರಿ. ಸ್ವರಗಳನ್ನು ಬೇರ್ಪಡಿಸುವ ಯಂತ್ರಭಾಗವೂ ಮಂದ್ರವನ್ನು ಕೊಂಚ ತಡಮಾಡುವುದರಿಂದ, ಕಿವಿಯ ಪರೀಕ್ಷೆಯೂ ಅಗತ್ಯ. ಸಬ್‌ವೂಫರಿನ ತಂತಿಗಳೆರಡನ್ನು ಅದಲುಬದಲು ಮಾಡಿ, ಎರಡೂ ಕೂಡಿ ನುಡಿಯುವ ಒಂದೇ ಸ್ವರವನ್ನು ಹಾಕಿ, ಆ 6ರ ಆಸುಪಾಸಿನಲ್ಲಿ ಸದ್ದು ಅತಿ ಕ್ಷೀಣವಾಗುವ ಅಂಕೆಯನ್ನು ಹುಡುಕಿರಿ. ಬಳಿಕ ತಂತಿಗಳನ್ನು ಮೊದಲಿನಂತೆ ಜೋಡಿಸಿದರೆ ಅದೇ ಅಂಕೆಯಲ್ಲಿ ಸ್ವರವು ತುಂಬಿ ಬರುವುದು.

ಪ್ರತಿಯೊಂದು ಆಸನಕ್ಕೂ ಇದು ಏಕರೀತಿಯಾಗಿ ಹೊಂದದು. ನಡುವಿನವರಿಗೆ ಚೆನ್ನಾಗಿ ಹೊಂದಿದರೆ ಹೆಚ್ಚಿನವರಿಗೆ ಹಿತವಾದೀತು. ಮುಂದಿನ ಉತ್ಸವಕ್ಕೆ ಹಣ ಕೂಡಿಸುವ ಮುನ್ನ ಅಳತೆಯ ಟೇಪೊಂದನ್ನು ತನ್ನಿರಿ. ಕೊರತೆಯು ಪೆಟ್ಟಿಗೆಯದೋ ದೂರದ್ದೋ ಆಗ ತಿಳಿಯುವುದು.