ಕ್ಲಿಪ್‌ಬೋರ್ಡಿಗೊಂದು ಕಿರ್ದಿ ಪುಸ್ತಕ

ಹಿಂದಿನ ಕಾಲದ ನಮ್ಮ ಅಂಗಡಿಗಳಲ್ಲಿ ಲೆಕ್ಕಕ್ಕೆ ಎರಡು ಉಪಕರಣಗಳಿರುತ್ತಿದ್ದುವು. ಒಂದು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟ ಸ್ಲೇಟು. ಮತ್ತೊಂದು, ದಪ್ಪ ರಟ್ಟಿನ ಕಿರ್ದಿ ಪುಸ್ತಕ. ಗಿರಾಕಿ ಬಂದೊಡನೆ ಅವನ ಬಾಬ್ತನ್ನು ಸ್ಲೇಟಿನ ಮೇಲೆ ಗೀಚಿ ಕೂಡುವುದು. ಅವನು ಅತ್ತ ಹೋದೊಡನೆ ಒರಸಿ, ಮುಂದಿನವನ ಲೆಕ್ಕವನ್ನು ಬರೆಯುವುದು. ಒರಸಿದುದು ಹೋದಂತೆಯೇ. ಆದರೆ ಕಿರ್ದಿಗೆ ಏರಿದ ಬಾಬ್ತು ವರುಷ ಕಳೆದರೂ ಇದ್ದಲ್ಲಿಯೇ ಇರುತ್ತಿತ್ತು. ಇಂದು ಮನೆಮನೆಯಲ್ಲಿಯೂ ಇರುವ ಗಣಕಯಂತ್ರದ ಕ್ಲಿಪ್‌ಬೋರ್ಡು ಆ ಸ್ಲೇಟಿನ ಜಾತಿಗೆ ಸೇರಿದುದು. ಅದಕ್ಕೊಂದು ಕಿರ್ದಿಯನ್ನು ಜೋಡಿಸುವುದು ಹೇಗೆ, ಜೋಡಿಸಿದ ಮೇಲೆ ಆ ಕಿರ್ದಿಗೆ ಯಾವುದನ್ನು ಏರಗೊಡಬಾರದು ಎಂಬೆರಡು ವಿಷಯಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪರಸ್ಥಳದಲ್ಲಿ ನೆಲಸಿದ ನಮ್ಮಂಥವರಿಗೆ ಇದು ಬರಿಯ ಕುತೂಹಲದ ಮಾತಲ್ಲ. ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಕುಳಿತು ಊರಿನ ಸಂಸಾರವನ್ನೂ ನಡೆಸುವವರು ನಮ್ಮಲ್ಲಿ ಅನೇಕರು. ಊರಿನ ಮನೆಯ ವಿದ್ಯುತ್ ಬಿಲ್ಲು ಕಟ್ಟಲು ಆರ್.ಆರ್. ನಂಬರು ಬೇಕು, ಹೊಲದ ಪಹಣಿ ನೋಡಲು ಸರ್ವೆ ನಂಬರು ಬೇಕು, ತಂದೆಯವರ ಖಾತೆಗೆ ಹಣ ಕಳುಹಿಸಲು ಖಾತೆಯ ಸಂಖ್ಯೆಯೂ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತವೂ ಬೇಕು. ಸಂಘದ ಕಾರ್ಯದರ್ಶಿಗಳಿಗಂತೂ ಸದಸ್ಯರ ಹೆಸರು, ವಿಳಾಸ, ದೂರವಾಣಿಗಳ ನಿತ್ಯದ ಎತ್ತಿಡುವಿಕೆ ಇದ್ದೇ ಇದೆ. ಇವನ್ನೆಲ್ಲ ಒಂದು ಕಡೆಯಿಂದ ಕಾಪಿ ಮಾಡಿ ಇನ್ನೊಂದು ಕಡೆ ಅಂಟಿಸುತ್ತೇವೆ. ಖಾತೆಯ ಸಂಖ್ಯೆಯನ್ನು ಎತ್ತಿಕೊಂಡೆವು, ಅಂಟಿಸುವ ಮುನ್ನ ಐಎಫ್‌ಎಸ್‌ಸಿಯನ್ನೂ ಎತ್ತಿಕೊಂಡೆವು, ಮೊದಲಿನದು ಅಳಿಸಿಹೋಯಿತು. ಮತ್ತೆ ಹಿಂದಕ್ಕೆ ಓಡಬೇಕು. ಓಡುವ ಆತುರದಲ್ಲಿ ಬೇರೊಬ್ಬರ ಸಂಖ್ಯೆ ಅಂಟಿಕೊಂಡರೆ ಹಣ ಹೋಗಿ ಸೇರುವ ಮನೆಯೇ ಬೇರೆಯಾದೀತು.

ಇಲ್ಲಿ ಲಿನಕ್ಸಿನ ಮಾತನ್ನೇ ಎತ್ತಿಕೊಳ್ಳಲು ಕಾರಣವಿದೆ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಗಟ್ಟಿಮುಟ್ಟಾದ ಹಳೆಯ ಯಂತ್ರವನ್ನು ಎಸೆಯಲು ಮನಸ್ಸಾಗದವರಿಗೆ ಅದರಲ್ಲಿ ಲಿನಕ್ಸನ್ನು ಹಾಕಿಕೊಳ್ಳುವುದು ಒಂದು ಒಳ್ಳೆಯ ದಾರಿ. ವಿಂಡೋಸಿನಲ್ಲಿ ಕ್ಲಿಪ್‌ಬೋರ್ಡಿನ ಹಿಂದಿನ ನೆನಪನ್ನು ತೋರಿಸುವ ಸೌಕರ್ಯ 2018ರಿಂದ ಇದೆ. ಲಿನಕ್ಸಿನ ಕೆಲವು ಬಗೆಗಳಲ್ಲಿ ಅದು ತಾನಾಗಿ ದೊರೆಯುತ್ತದೆ. ಹಲವು ಬಗೆಗಳಲ್ಲಿ ನಾವೇ ಜೋಡಿಸಿಕೊಳ್ಳಬೇಕು. ಜೋಡಿಸುವ ಉಪಕರಣಗಳೆಲ್ಲ ಉಚಿತ. ಹಳೆಯ ಯಂತ್ರಕ್ಕೂ ಭಾರವಾಗದಷ್ಟು ಹಗುರ.

ಕತ್ತರಿ ಮತ್ತು ಗೋಂದು

ಕತ್ತರಿಸಿ ಅಂಟಿಸುವುದೆಂಬ ಮಾತು ಅಲಂಕಾರಕ್ಕೆ ಹುಟ್ಟಿದುದಲ್ಲ. ಪತ್ರಿಕೆಗಳ ಕಚೇರಿಗಳಲ್ಲಿ ಹಸ್ತಪ್ರತಿಯ ಭಾಗಗಳನ್ನು ನಿಜವಾಗಿಯೂ ಕತ್ತರಿಯಿಂದ ಕತ್ತರಿಸಿ, ಬೇಕಾದ ಕ್ರಮದಲ್ಲಿ ಗೋಂದು ಹಚ್ಚಿ ಅಂಟಿಸುತ್ತಿದ್ದರು. 1970ರ ದಶಕದ ಮಧ್ಯಭಾಗದಲ್ಲಿ, ಅಮೆರಿಕದ ಪಾಲೋ ಆಲ್ಟೋ ನಗರದ ಝೆರಾಕ್ಸ್ ಸಂಶೋಧನಾಲಯದಲ್ಲಿ, ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬವರು ಈ ಪದ್ಧತಿಯನ್ನು ಗಣಕದ ತೆರೆಯ ಮೇಲೆ ತಂದರು. ಅವರು ರಚಿಸಿದ ಕ್ರಮವಿಧಿಯ ಹೆಸರು ಜಿಪ್ಸಿ. ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರ ಅನುಕೂಲಕ್ಕಾಗಿ ಅದು ಸಿದ್ಧವಾಯಿತು. ಮುಂದೆ 1983ರ ಲಿಸಾ, 1984ರ ಮ್ಯಾಕಿಂಟಾಷ್ ಯಂತ್ರಗಳ ಮೂಲಕ ಅದು ಜನಸಾಮಾನ್ಯರನ್ನು ಮುಟ್ಟಿತು. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಕೇಳದವರೂ ದಿನಕ್ಕೆ ಹತ್ತು ಸಲ ಅವರ ಕೆಲಸದ ಫಲವನ್ನು ಉಣ್ಣುತ್ತಿದ್ದಾರೆ.

ನೆರೆಮನೆಯ ಹಾಲು

ಲಿನಕ್ಸಿನ ತೆರೆಯನ್ನು ನಡೆಸುವ ವ್ಯವಸ್ಥೆಗಳು ಮುಖ್ಯವಾಗಿ ಎರಡು. 1984ರಲ್ಲಿ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಹುಟ್ಟಿದ ಎಕ್ಸ್ ಎಂಬುದು ಹಳೆಯದು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಹೊಸದು. ಎರಡರಲ್ಲಿಯೂ ಒಂದು ವಿಚಿತ್ರವಿದೆ. ನಾವು ಒಂದು ವಾಕ್ಯವನ್ನು ಕಾಪಿ ಮಾಡಿದಾಗ ಅದು ಬೇರೆ ಯಾವ ಕಪಾಟಿಗೂ ಹೋಗಿ ಕೂಡುವುದಿಲ್ಲ. ಕಾಪಿ ಮಾಡಿದ ಕ್ರಮವಿಧಿಯು, “ಇದು ನನ್ನಲ್ಲಿದೆ, ಕೇಳಿದವರಿಗೆ ಕೊಡುತ್ತೇನೆ” ಎಂದು ಸಾರಿಬಿಡುತ್ತದೆ, ಅಷ್ಟೆ. ಅಂಟಿಸುವ ಗಳಿಗೆಯಲ್ಲಿ ಎರಡನೆಯ ಕ್ರಮವಿಧಿ ಹೋಗಿ ಕೇಳುತ್ತದೆ. ಆಗ ಮಾತ್ರ ಪದಾರ್ಥ ಕೈಬದಲಾಗುತ್ತದೆ. ನೆರೆಮನೆಯವರು, “ಹಾಲು ನಮ್ಮಲ್ಲಿದೆ, ಬೇಕಾದಾಗ ಬನ್ನಿ” ಎಂದಂತೆ ಇದು. ನಾವು ಲೋಟ ಹಿಡಿದು ಹೋಗುವುದರೊಳಗೆ ಅವರು ಮನೆಗೆ ಬೀಗ ಹಾಕಿ ಹೊರಟರೆ ಹಾಲಿಲ್ಲ. ಕಾಪಿ ಮಾಡಿದ ಕಿಟಕಿಯನ್ನು ಮುಚ್ಚಿದೊಡನೆ ಅಂಟಿಸಲು ಏನೂ ಸಿಗದೆ ಹೋಗುವುದು ಇದರಿಂದಲೇ.

ಇನ್ನೊಂದು ವಿಚಿತ್ರ. ಈ ವ್ಯವಸ್ಥೆಗಳಲ್ಲಿ ಸ್ಲೇಟುಗಳು ಎರಡು. ಮೌಸಿನಿಂದ ಅಕ್ಷರಗಳನ್ನು ಗುರುತು ಮಾಡಿದರೆ ಸಾಕು, ಪ್ರೈಮರಿ ಎಂಬ ಸ್ಲೇಟಿಗೆ ಬರುತ್ತವೆ. ಮೌಸಿನ ನಡುಗುಂಡಿಯನ್ನು ಒತ್ತಿದರೆ ಅಂಟುತ್ತವೆ. ಕಂಟ್ರೋಲ್ ಮತ್ತು ಸಿ ಒತ್ತಿ ಎತ್ತಿಕೊಂಡುದು ಕ್ಲಿಪ್‌ಬೋರ್ಡ್ ಎಂಬ ಎರಡನೆಯ ಸ್ಲೇಟಿನದು. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಹುಡುಕಿ ಬೇಸತ್ತವರು ಬಹಳ ಮಂದಿ.

ಆಜ್ಞೆಯ ಸಾಲಿನಲ್ಲಿ

ಟರ್ಮಿನಲ್ ಕಿಟಕಿಯಲ್ಲಿ ಆಜ್ಞೆಗಳನ್ನು ಬೆರಳಚ್ಚು ಮಾಡಿ ಕೆಲಸ ಪಡೆಯುವ ಪದ್ಧತಿಗೆ ಕಮಾಂಡ್ ಲೈನ್ ಎಂದು ಹೆಸರು. ಇಲ್ಲಿ ಹೇಳುವ ಆಜ್ಞೆಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಎಕ್ಸ್ ವ್ಯವಸ್ಥೆಯವರಿಗೆ ಎಕ್ಸ್‌ಕ್ಲಿಪ್ ಮತ್ತು ಎಕ್ಸ್‌ಸೆಲ್ ಎಂಬ ಉಪಕರಣಗಳಿವೆ. ವೇಲ್ಯಾಂಡಿನವರಿಗೆ ಡಬ್ಲ್ಯೂಎಲ್-ಕ್ಲಿಪ್‌ಬೋರ್ಡ್ ಎಂಬ ಕಟ್ಟಿನಲ್ಲಿ ಡಬ್ಲ್ಯೂಎಲ್-ಕಾಪಿ, ಡಬ್ಲ್ಯೂಎಲ್-ಪೇಸ್ಟ್ ಎಂಬ ಜೋಡಿಯಿದೆ. ಎಕ್ಸ್‌ಕ್ಲಿಪ್ ಬಳಸುವವರು ಒಂದು ವಿಷಯವನ್ನು ನೆನಪಿಡಬೇಕು. ಏನೂ ಹೇಳದಿದ್ದರೆ ಅದು ಪ್ರೈಮರಿ ಸ್ಲೇಟಿನಲ್ಲಿಯೇ ಬರೆಯುತ್ತದೆ. ಕಂಟ್ರೋಲ್ ಮತ್ತು ವಿ ಒತ್ತಿ ಅಂಟಿಸಬೇಕಾದರೆ ಸೆಲೆಕ್ಷನ್ ಕ್ಲಿಪ್‌ಬೋರ್ಡ್ ಎಂದು ಆಜ್ಞೆಯಲ್ಲಿ ಸ್ಪಷ್ಟವಾಗಿ ಸೇರಿಸಬೇಕು.

ಈ ಪುಟ್ಟ ಉಪಕರಣಗಳ ಶಕ್ತಿ ಇರುವುದು ಒಂದನ್ನೊಂದು ಕೂಡಿಕೊಳ್ಳುವುದರಲ್ಲಿ. ಒಂದು ಆಜ್ಞೆಯ ಫಲವನ್ನು ಮತ್ತೊಂದರ ಬಾಯಿಗೆ ಹಾಕಲು ನಡುವೆ ಒಂದು ನೆಟ್ಟನೆಯ ಗೀಟು ಹಾಕಿದರಾಯಿತು. ಇದಕ್ಕೆ ಪೈಪ್ ಎನ್ನುತ್ತಾರೆ. ಡಗ್ ಮೆಕಿಲ್ರಾಯ್ ಅವರ ಸಲಹೆಯಂತೆ ಕೆನ್ ಥಾಂಪ್ಸನ್ ಅವರು 1973ರಲ್ಲಿ ಯೂನಿಕ್ಸಿನಲ್ಲಿ ಇದನ್ನು ಅಳವಡಿಸಿದರು. ಸದಸ್ಯರ ಪಟ್ಟಿ ಒಂದು ಸಾದಾ ಕಡತದಲ್ಲಿದೆ, ಒಬ್ಬೊಬ್ಬರದು ಒಂದೊಂದು ಸಾಲು ಎಂದಿಟ್ಟುಕೊಳ್ಳೋಣ. ಗ್ರೆಪ್ ಎಂಬ ಆಜ್ಞೆಗೆ “ಮಾಟುಂಗ” ಎಂಬ ಪದವನ್ನೂ ಕಡತದ ಹೆಸರನ್ನೂ ಕೊಟ್ಟು, ಗೀಟು ಹಾಕಿ, ಡಬ್ಲ್ಯೂಎಲ್-ಕಾಪಿ ಎಂದು ಬರೆದರೆ, ಮಾಟುಂಗದ ಸದಸ್ಯರ ಸಾಲುಗಳಷ್ಟೂ ಕ್ಲಿಪ್‌ಬೋರ್ಡಿಗೆ ಬಂದು ನಿಲ್ಲುತ್ತವೆ. ಮೌಸಿನಿಂದ ಒಂದೊಂದನ್ನೇ ಹೆಕ್ಕುವ ಕಷ್ಟವಿಲ್ಲ.

ಕನ್ನಡದ ವಿಷಯದಲ್ಲಿ ಒಂದು ಮಾತು. ಯೂನಿಕೋಡಿನಲ್ಲಿ ಬರೆದ ಕನ್ನಡವು ಈ ಹಾದಿಯಲ್ಲಿ ಒಂದು ಒತ್ತಕ್ಷರವೂ ಕೆಡದೆ ಸಾಗುತ್ತದೆ. ಆದರೆ ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಹಿಂದಿನ ಸಂಚಿಕೆಗಳಿಂದ ಎತ್ತಿದರೆ, ಅಂಟಿಸಿದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸೀತು. ಅದು ಕ್ಲಿಪ್‌ಬೋರ್ಡಿನ ದೋಷವಲ್ಲ. ಅಲ್ಲಿ ಒಳಗಿದ್ದ ಸಂಕೇತಗಳೇ ರೋಮನ್ನಿನವು. ಕನ್ನಡವಾಗಿ ಕಂಡಿದ್ದು ಅಕ್ಷರಶೈಲಿಯ ವೇಷದಿಂದ. ಅಂಥ ಬರೆಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳತಕ್ಕದ್ದು.

ಕಿರ್ದಿ ಬರೆಯುವ ಗುಮಾಸ್ತ

ಇನ್ನು ಕಿರ್ದಿಯ ಮಾತು. ಇದರ ಏರ್ಪಾಡು ಸರಳವಾಗಿದೆ. ತೆರೆಯ ಹಿಂದೆ ಒಬ್ಬ ಗುಮಾಸ್ತನನ್ನು ಕೂಡಿಸುತ್ತೇವೆ. ಸ್ಲೇಟಿನ ಮೇಲೆ ಹೊಸದೇನಾದರೂ ಬಂದೊಡನೆ ಅವನು ಅದನ್ನು ಕಿರ್ದಿಗೆ ಏರಿಸುತ್ತಾನೆ. ನಮಗೆ ಹಳೆಯದು ಬೇಕಾದಾಗ ಪಟ್ಟಿ ತೋರಿಸುತ್ತಾನೆ. ಆರಿಸಿದುದನ್ನು ಮತ್ತೆ ಸ್ಲೇಟಿನ ಮೇಲೆ ಬರೆದುಕೊಡುತ್ತಾನೆ.

ವೇಲ್ಯಾಂಡಿನಲ್ಲಿ ಈ ಕೆಲಸಕ್ಕೆ ಕ್ಲಿಪ್‌ಹಿಸ್ಟ್ ಎಂಬುದು ಹೆಸರಾಗಿದೆ. ಡಬ್ಲ್ಯೂಎಲ್-ಪೇಸ್ಟಿಗೆ ವಾಚ್ ಎಂಬ ಸೂಚನೆ ಕೊಟ್ಟು, ಮುಂದೆ ಕ್ಲಿಪ್‌ಹಿಸ್ಟ್ ಸ್ಟೋರ್ ಎಂದು ಬರೆದರೆ ಗುಮಾಸ್ತ ಕೆಲಸಕ್ಕೆ ಕುಳಿತಂತೆ. ಯಂತ್ರ ಆರಂಭವಾದಾಗಲೆಲ್ಲ ತಾನೇ ಓಡುವಂತೆ ಇದನ್ನು ಆರಂಭದ ಆಜ್ಞೆಗಳಲ್ಲಿ ಸೇರಿಸಿಡಬಹುದು. ಹಳೆಯದನ್ನು ಪಡೆಯಲು ನಾಲ್ಕು ಹೆಜ್ಜೆಗಳು: ಕ್ಲಿಪ್‌ಹಿಸ್ಟ್ ಲಿಸ್ಟ್ ಎಂಬುದು ಪಟ್ಟಿ ಕೊಡುತ್ತದೆ, ಎಫ್‌ಝಡ್‌ಎಫ್ ಅಥವಾ ರೋಫಿ ಎಂಬ ಆಯ್ಕೆಯ ಉಪಕರಣದಲ್ಲಿ ನಾಲ್ಕಕ್ಷರ ಬರೆದು ಬೇಕಾದುದನ್ನು ಹುಡುಕಿ ಆರಿಸುತ್ತೇವೆ, ಕ್ಲಿಪ್‌ಹಿಸ್ಟ್ ಡಿಕೋಡ್ ಅದರ ಪೂರ್ಣ ಪಾಠವನ್ನು ತೆಗೆಯುತ್ತದೆ, ಡಬ್ಲ್ಯೂಎಲ್-ಕಾಪಿ ಅದನ್ನು ಸ್ಲೇಟಿಗೆ ಮರಳಿಸುತ್ತದೆ. ನಾಲ್ಕನ್ನೂ ಗೀಟುಗಳಿಂದ ಪೋಣಿಸಿ ಕೀಲಿಮಣೆಯ ಒಂದು ಒತ್ತಿಗೆ ಕಟ್ಟಿಬಿಟ್ಟರೆ, ಆಮೇಲೆ ಆಜ್ಞೆಗಳ ನೆನಪೂ ಬೇಕಾಗದು. ಬೇರೆ ಹೇಳದಿದ್ದರೆ ಅದು 750 ಬಾಬ್ತುಗಳವರೆಗೆ ಇಟ್ಟುಕೊಳ್ಳುತ್ತದೆ, ಚಿತ್ರಗಳನ್ನೂ ಇಡುತ್ತದೆ.

ಎಕ್ಸ್ ವ್ಯವಸ್ಥೆಯಲ್ಲಿ ಇದೇ ಕೆಲಸವನ್ನು ಕ್ಲಿಪ್‌ಮೆನು ಮಾಡುತ್ತದೆ. ಅದರ ರೂಢಿಯ ಮಿತಿ 1000 ಬಾಬ್ತು. ಹೀಗೆ ಗುಮಾಸ್ತನನ್ನು ಕೂಡಿಸಲು ಡೆಸ್ಕ್‌ಟಾಪ್ ವ್ಯವಸ್ಥೆಯ ಅನುಮತಿ ಬೇಕೆಂಬುದನ್ನೂ ತಿಳಿದಿರಬೇಕು. ವೇಲ್ಯಾಂಡಿನಲ್ಲಿ ಸ್ವೇ, ಕೆಡಿಇ ಪ್ಲಾಸ್ಮಾಗಳು ಅದನ್ನು ಕೊಡುತ್ತವೆ. ಗ್ನೋಮ್ ಬಳಸುವವರು ಅದಕ್ಕಾಗಿಯೇ ರಚಿತವಾದ ಜೀಪೇಸ್ಟನ್ನು ಹಾಕಿಕೊಳ್ಳುವುದು ಲೇಸು. ಅದಕ್ಕೂ ಟರ್ಮಿನಲ್ಲಿನಿಂದ ಆಜ್ಞೆ ಕೊಡಬಹುದು.

ನೆರೆಮನೆಯ ಹಾಲಿನ ತೊಂದರೆಯೂ ಇಲ್ಲಿ ಪರಿಹಾರವಾಗುತ್ತದೆ. ಕಾಪಿ ಮಾಡಿದ ಕಿಟಕಿಯನ್ನು ಮುಚ್ಚಿದರೂ ಗುಮಾಸ್ತನ ಬಳಿ ಪ್ರತಿ ಇರುತ್ತದೆ. ಬೆಳಗ್ಗೆ ಎತ್ತಿಕೊಂಡ ಆರ್.ಆರ್. ನಂಬರನ್ನು ಸಂಜೆಯೂ ಅಂಟಿಸಬಹುದು.

ಏರಿಸಬಾರದ ಬಾಬ್ತುಗಳು

ಆದರೆ ಈ ಗುಮಾಸ್ತ ಬಲು ಪ್ರಾಮಾಣಿಕ, ವಿವೇಕಿಯಲ್ಲ. ಪಹಣಿಯ ನಂಬರನ್ನು ಬರೆದಿಟ್ಟಷ್ಟೇ ನಿಷ್ಠೆಯಿಂದ ಬ್ಯಾಂಕಿನ ಪಾಸ್‌ವರ್ಡನ್ನೂ ಬರೆದಿಡುತ್ತಾನೆ. ನಮ್ಮ ಎಷ್ಟೋ ಮನೆಗಳಲ್ಲಿ ಗಣಕಯಂತ್ರ ಒಂದೇ. ಬೆಳಗ್ಗೆ ಮಗಳ ಪಾಠ, ಮಧ್ಯಾಹ್ನ ಅಜ್ಜನವರ ಪತ್ರಿಕೆ, ರಾತ್ರಿ ಯಜಮಾನರ ಲೆಕ್ಕಪತ್ರ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಬರುವವರಾದರೆ ಒಬ್ಬರು ಎತ್ತಿಕೊಂಡುದೆಲ್ಲ ಮತ್ತೊಬ್ಬರ ಪಟ್ಟಿಯಲ್ಲಿ ಕಾಣುತ್ತದೆ. ಮನೆಯವರಲ್ಲಿ ಮುಚ್ಚುಮರೆ ಏಕೆಂದು ಕೇಳಬಹುದು. ಆದರೆ ಯಂತ್ರ ರಿಪೇರಿಗೂ ಹೋಗುತ್ತದೆ, ಕಡೆಗೆ ಮಾರಾಟಕ್ಕೂ ಹೋಗುತ್ತದೆ. ಕ್ಲಿಪ್‌ಹಿಸ್ಟಿನ ಕಿರ್ದಿಯು ಮನೆಯ ಕಡತಗಳ ನಡುವೆ, ಗೂಢಲಿಪಿಯ ಬೀಗವಿಲ್ಲದೆ, ಡಿಸ್ಕಿನ ಮೇಲೆ ಕುಳಿತಿರುತ್ತದೆ. ಯಂತ್ರವನ್ನು ನಿಲ್ಲಿಸಿ ಆರಂಭಿಸಿದರೂ ಅಳಿಯುವುದಿಲ್ಲ. ಕ್ಲಿಪ್‌ಮೆನುವಾದರೋ ತಾನಾಗಿ ಬಿಟ್ಟರೆ ತಾತ್ಕಾಲಿಕ ಸ್ಮರಣೆಯಲ್ಲಿ ಬರೆಯುತ್ತದೆ; ಯಂತ್ರ ನಿಂತೊಡನೆ ಅದರ ಕಿರ್ದಿ ಇಲ್ಲವಾಗುತ್ತದೆ.

ಪಾಸ್‌ವರ್ಡ್ ಕಾಯುವ ಕ್ರಮವಿಧಿಗಳು ಈ ಅಪಾಯವನ್ನು ಬಲ್ಲವು. ಪಾಸ್ ಎಂಬುದು 45 ಸೆಕೆಂಡಿಗೆ, ಕೀಪಾಸ್‌ಎಕ್ಸ್‌ಸಿ ಎಂಬುದು ರೂಢಿಯಂತೆ 10 ಸೆಕೆಂಡಿಗೆ ಕ್ಲಿಪ್‌ಬೋರ್ಡನ್ನು ಒರಸುತ್ತವೆ. ಆದರೆ ಒರಸಿದುದು ಸ್ಲೇಟನ್ನು. ಕಿರ್ದಿಗೆ ಅಷ್ಟರಲ್ಲಿ ಏರಿಹೋಗಿದ್ದರೆ ಅಲ್ಲಿ ಅದು ಹಾಗೆಯೇ ಉಳಿಯುತ್ತದೆ. “ನಾನು ಒರಸುವ ಉಪಕರಣ ಬಳಸುತ್ತೇನೆ, ನನಗೆ ಭಯವಿಲ್ಲ” ಎನ್ನುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೀಪಾಸ್‌ಎಕ್ಸ್‌ಸಿಯಂಥವು “ಇದು ಗುಟ್ಟು” ಎಂಬ ಗುರುತನ್ನೂ ಜೊತೆಗೆ ಕಳುಹಿಸುತ್ತವೆ. ಡಬ್ಲ್ಯೂಎಲ್-ಕ್ಲಿಪ್‌ಬೋರ್ಡಿನ ಮತ್ತು ಕ್ಲಿಪ್‌ಹಿಸ್ಟಿನ ಇತ್ತೀಚಿನ ಆವೃತ್ತಿಗಳು ಆ ಗುರುತನ್ನು ಕಂಡು ಬರೆಯದೆ ಬಿಡುತ್ತವೆ. ಆದರೆ ನಾವೇ ಒಂದು ಚೀಟಿ ಕಡತದಿಂದ ಎತ್ತಿಕೊಂಡ ಆಧಾರ್ ಸಂಖ್ಯೆಗೋ ಪಾಸ್‌ವರ್ಡಿಗೋ ಅಂಥ ಗುರುತು ಇರುವುದಿಲ್ಲ.

ಆದುದರಿಂದ ಕೆಲವು ಪಥ್ಯಗಳನ್ನು ಪಾಲಿಸುವುದು ಉಚಿತ. ಮೊದಲನೆಯದು, ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡುವುದು. ಆಗ ಅವರವರ ಕಿರ್ದಿ ಅವರವರದು. ಎರಡನೆಯದು, ಬ್ಯಾಂಕಿನ ಕೆಲಸಕ್ಕೆ ಕೂಡುವ ಮೊದಲು ಗುಮಾಸ್ತನಿಗೆ ವಿರಾಮ ಕೊಡುವುದು. ಕ್ಲಿಪ್‌ಮೆನುವಿನಲ್ಲಿ ಕ್ಲಿಪ್‌ಸಿಟಿಎಲ್ ಡಿಸೇಬಲ್ ಎಂದರೆ ನಿಲ್ಲುತ್ತದೆ, ಎನೇಬಲ್ ಎಂದರೆ ಮತ್ತೆ ನಡೆಯುತ್ತದೆ. ಕ್ಲಿಪ್‌ಹಿಸ್ಟಿನವರು ಕಾವಲಿಗಿಟ್ಟ ಡಬ್ಲ್ಯೂಎಲ್-ಪೇಸ್ಟನ್ನೇ ನಿಲ್ಲಿಸಬೇಕು. ಮೂರನೆಯದು, ಗುಟ್ಟಾದುದು ಏರಿಹೋಗಿದ್ದರೆ ಕೂಡಲೆ ತೆಗೆಯುವುದು. ಇದಕ್ಕೆ ಗುಟ್ಟಿನ ಪದವನ್ನೇ ಆಜ್ಞೆಯಲ್ಲಿ ಬೆರಳಚ್ಚು ಮಾಡಬಾರದು. ಟರ್ಮಿನಲ್ಲಿಗೆ ತನ್ನದೇ ಒಂದು ನೆನಪಿನ ಕಡತವಿದೆ. ಅಲ್ಲಿ ಅದು ಉಳಿದೀತು. ಪಟ್ಟಿಯಿಂದ ಆರಿಸಿ, ಗೀಟಿನ ಮುಂದೆ ಕ್ಲಿಪ್‌ಹಿಸ್ಟ್ ಡಿಲೀಟ್ ಎಂದು ಹಾಕುವುದು ಕ್ಷೇಮ. ಯಂತ್ರವನ್ನು ರಿಪೇರಿಗೆ ಕೊಡುವ ಮುನ್ನವಂತೂ ಕ್ಲಿಪ್‌ಹಿಸ್ಟ್ ವೈಪ್ ಎಂದು ಇಡೀ ಕಿರ್ದಿಯನ್ನೇ ಬರಿದು ಮಾಡತಕ್ಕದ್ದು.

ಒಂದೇ ಸಲ ಅಂಟಿಸಿ ಮರೆಯಾಗುವಂತೆ ಡಬ್ಲ್ಯೂಎಲ್-ಕಾಪಿಗೆ ಪೇಸ್ಟ್-ಒನ್ಸ್ ಎಂಬ ಸೂಚನೆಯನ್ನು ಕೊಡಬಹುದು. ಆದರೆ ಗುಮಾಸ್ತ ಎಚ್ಚರವಿರುವಾಗ ಆ ಒಂದು ಸಲವನ್ನು ಅವನೇ ಮೊದಲು ಬಳಸಿಕೊಂಡುಬಿಡುತ್ತಾನೆ. ನಮ್ಮ ಪಾಲಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಇದನ್ನು ಅವನ ವಿರಾಮದ ವೇಳೆಯಲ್ಲಿಯೇ ಬಳಸಬೇಕು.

ಇಷ್ಟೆಲ್ಲ ಎಚ್ಚರಿಕೆಯ ಮಾತನ್ನು ಕೇಳಿ ಯಾರೂ ಹಿಂಜರಿಯಬೇಕಾಗಿಲ್ಲ. ಊರಿನ ಬಿಲ್ಲುಗಳ ಮತ್ತು ಸಂಘದ ಪಟ್ಟಿಗಳ ಕೆಲಸದಲ್ಲಿ ವಾರಕ್ಕೆ ಒಂದೆರಡು ಗಂಟೆ ಕಳೆಯುವವರಿಗೆ ಈ ಕಿರ್ದಿ ದೊಡ್ಡ ಉಪಕಾರ ಮಾಡುತ್ತದೆ. ಒಂದು ಭಾನುವಾರ ಮಕ್ಕಳನ್ನೂ ಜೊತೆಗೆ ಕೂಡಿಸಿಕೊಂಡು ಜೋಡಿಸಿ ನೋಡಿ. ಪಟ್ಟಿಯಿಂದ ಹಳೆಯದನ್ನು ತೆಗೆಯುವುದನ್ನು ಅವರು ಐದು ನಿಮಿಷದಲ್ಲಿ ಕಲಿಯುತ್ತಾರೆ. ಪಟ್ಟಿಯಿಂದ ಅಳಿಸುವುದನ್ನೂ ಅದೇ ದಿನ ಕಲಿಸಿಬಿಡಿ.