ತಲೆಗೆ ಪೆಟ್ಟು: ಎದ್ದು ಕುಳಿತ ಮಾತ್ರಕ್ಕೆ ನಿಶ್ಚಿಂತೆ ಬೇಡ



ಅಡಿಕೆ ಕೊಯ್ಲು, ಮೆಣಸಿನ ಕೊಯ್ಲು, ಮರಗಸಿ ಎಲ್ಲವೂ ಮರದ ಮೇಲಿನ ಕೆಲಸ. ಬಿದ್ದವರ ಕೈಕಾಲು ಮುರಿದರೆ ಗಾಬರಿಯಾಗುವ ನಾವು, ತಲೆಗೆ ಪೆಟ್ಟಾದವನು ಎದ್ದು ಕುಳಿತನೆಂದರೆ ಸುಮ್ಮನಾಗಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿಯೇ ಮರಗಸಿಗೆ ಹತ್ತಿದ್ದ ಆಳೊಬ್ಬ ಬಿದ್ದ. ಒಂದೆರಡು ನಿಮಿಷ ಪ್ರಜ್ಞೆ ಇರಲಿಲ್ಲ. ಆಮೇಲೆ ಎದ್ದು ಬೀಡಿ ಕೇಳಿದ, "ಏನೂ ಆಗಿಲ್ಲ ಅಯ್ಯಾ" ಎಂದ. ನಾವೂ ನಂಬಿ ಲೈನ್ ಮನೆಗೆ ಕಳಿಸಿದೆವು. ಸಂಜೆ ವಾಂತಿಯಾಯಿತು. ಕುಡಿದಿರಬೇಕೆಂದು ನೆರೆಯವರು ಮಲಗಿಸಿದರು. ರಾತ್ರಿ ಅವನ ಹೆಂಡತಿ ಓಡಿಬಂದಾಗ ಎಷ್ಟು ಕೂಗಿದರೂ ಕಣ್ಣು ತೆರೆಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಜೀವವೇನೋ ಉಳಿಯಿತು, ಬಲಗೈ ಮೊದಲಿನಂತಾಗಲಿಲ್ಲ. ತಪ್ಪು ನಮ್ಮದೇ.

ಬುರುಡೆಯೊಳಗೆ ರಕ್ತನಾಳ ಹರಿದರೆ ರಕ್ತ ನಿಧಾನವಾಗಿ ಶೇಖರವಾಗಿ ಮಿದುಳನ್ನು ಒತ್ತುತ್ತದೆ. ಒತ್ತಡ ಏರುವ ತನಕ ಮನುಷ್ಯ ಸರಿಯಾಗಿಯೇ ಮಾತನಾಡಬಹುದು. ಆದ್ದರಿಂದ ಕ್ಷಣಕಾಲ ಪ್ರಜ್ಞೆ ತಪ್ಪಿದ್ದರೂ, ಎತ್ತರದಿಂದ ಬಿದ್ದಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು. ವೃದ್ಧರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ಸಣ್ಣ ಪೆಟ್ಟನ್ನೂ ಕಡೆಗಣಿಸಕೂಡದು. ವೈದ್ಯರು ಮನೆಗೆ ಕಳಿಸಿದರೂ 24 ಗಂಟೆ ಒಬ್ಬರು ಜೊತೆಗಿರಬೇಕು. ಹೆಚ್ಚುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ತೊದಲು ಮಾತು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಎಬ್ಬಿಸಿದರೆ ಏಳದ ನಿದ್ದೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು.

ಬಿದ್ದ ಸ್ಥಳದಲ್ಲಿ ಮೊದಲ ಕೆಲಸ, ಎತ್ತಿ ಕೂರಿಸದಿರುವುದು. ಕುತ್ತಿಗೆಗೂ ಪೆಟ್ಟಾಗಿರಬಹುದು. ತಲೆ ಅಲುಗದಂತೆ ಎರಡೂ ಕೈಗಳಿಂದ ಹಿಡಿದು ಉಸಿರಾಟ ನೋಡಿ. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮೂರು ನಾಲ್ಕು ಜನ ಸೇರಿ ಪಕ್ಕಕ್ಕೆ ಹೊರಳಿಸಿ. ರಕ್ತ ಸುರಿಯುತ್ತಿದ್ದರೆ ಒಗೆದ ಬಟ್ಟೆ ಮಡಿಸಿ ಒತ್ತಿ ಹಿಡಿಯಿರಿ. ಬುರುಡೆ ತಗ್ಗಾಗಿದ್ದರೆ ಅಲ್ಲಿ ಒತ್ತಕೂಡದು. ಗಾಯಕ್ಕೆ ಕಾಫಿಪುಡಿ ಮೆತ್ತುವುದು ಬೇಡ. (ಬೆಳೆದವರು ನಾವೇ ಆದರೂ ಅದು ಲೋಟಕ್ಕೇ ಸರಿ.) ಕಿವಿ, ಮೂಗಿನಿಂದ ನೀರಿನಂಥ ದ್ರವ ಬಂದರೆ ಹತ್ತಿ ತುರುಕಬೇಡಿ. ಕುಡಿಯಲು ಏನನ್ನೂ ಕೊಡಬೇಡಿ. ಆಸ್ಪಿರಿನ್ ಅಂತೂ ಕೂಡದು, ಅದು ರಕ್ತಸ್ರಾವ ಹೆಚ್ಚಿಸುತ್ತದೆ.

108ಕ್ಕೆ ಫೋನ್ ಮಾಡಿ. ನಮ್ಮ ಒಳರಸ್ತೆಗಳಿಗೆ ವಾಹನ ಬರುವುದು ತಡವೆಂದಾದರೆ ಅಗಲ ಹಲಗೆಯ ಮೇಲೆ ಮಲಗಿಸಿ ಜೀಪಿನಲ್ಲಿ ಸಾಗಿಸಿ; ಸೀಟಿನಲ್ಲಿ ಮುದುರಿ ಕೂರಿಸಬೇಡಿ. ತಲೆಯ ಸ್ಕ್ಯಾನ್ ಮಾಡುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿಯೂ ತೆರೆದಿರುತ್ತದೆಯೇ ಎಂಬುದನ್ನು ಈ ವಾರವೇ ವಿಚಾರಿಸಿ, ಫೋನ್ ನಂಬರನ್ನು ರೈಟರಿಗೂ ಮೇಸ್ತ್ರಿಗೂ ಬರೆದುಕೊಡಿ.